ಇಜಿಆರ್ ಸೆನ್ಸರ್ ದೋಷ: ವಾಲ್ವ್ ಕೊಳ್ಳುವ ಮುನ್ನ ವೈರು ನೋಡಿ

ಪ್ರಶ್ನೆ: ನನ್ನದು 2017ರ ಡೀಸೆಲ್ ಕಾರು, 82,000 ಕಿ.ಮೀ. ಓಡಿದೆ. ಬೆಂಗಳೂರಿನ ಬನಶಂಕರಿಯಿಂದ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ಕಚೇರಿಗೆ ಹೋಗಿಬರುವುದೇ ಅದರ ನಿತ್ಯದ ಓಡಾಟ. ಹದಿನೈದು ದಿನಗಳಿಂದ ಚೆಕ್ ಎಂಜಿನ್ ದೀಪ ಉರಿಯುತ್ತಿದೆ, ಪಿಕಪ್ ಕುಗ್ಗಿದೆ. ಗ್ಯಾರೇಜಿನವರು ಸ್ಕ್ಯಾನರಿನಲ್ಲಿ ‘ಪಿ0405’ ಕೋಡ್ ತೋರಿಸಿ, ಇಜಿಆರ್ ವಾಲ್ವನ್ನೇ ಬದಲಿಸಬೇಕು ಎನ್ನುತ್ತಾರೆ. ಒಪ್ಪಲೇ?
– ಓದುಗರು, ಬನಶಂಕರಿ

ಉತ್ತರ: ಈಗಲೇ ಒಪ್ಪಬೇಡಿ. ಎಂಜಿನ್ ಉಗುಳುವ ಹೊಗೆಯ ಒಂದು ಪಾಲನ್ನು ಒಳಹೋಗುವ ಗಾಳಿಗೆ ಬೆರೆಸಿ, ದಹನದ ಉಷ್ಣತೆಯನ್ನು ತಗ್ಗಿಸಿ, ನೈಟ್ರೋಜನ್ ಆಕ್ಸೈಡುಗಳು ಹೆಚ್ಚದಂತೆ ನೋಡಿಕೊಳ್ಳುವುದು ಇಜಿಆರ್ ವಾಲ್ವಿನ ಕೆಲಸ. ಆ ವಾಲ್ವ್ ಎಷ್ಟು ತೆರೆದಿದೆ ಎಂಬುದನ್ನು ವೋಲ್ಟೇಜಿನ ರೂಪದಲ್ಲಿ ಇಸಿಯುಗೆ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ) ತಿಳಿಸುವುದು ಅದರ ಸೆನ್ಸರ್. ಪಿ0405 ಎಂದರೆ ಈ ಸೆನ್ಸರಿನ ಸರ್ಕ್ಯೂಟಿನಲ್ಲಿ ವೋಲ್ಟೇಜ್ ತೀರಾ ಕಡಿಮೆಯಿದೆ ಎಂದಷ್ಟೇ. ಮಸಿ ಕಟ್ಟಿ ಹೊಗೆಯ ಹರಿವು ಕುಗ್ಗಿದಾಗ ಸಾಮಾನ್ಯವಾಗಿ ಬರುವ ಕೋಡ್ ಪಿ0401. ದಿನವೂ ಸಿಲ್ಕ್ ಬೋರ್ಡಿನಲ್ಲಿ ತೆವಳುವ ಡೀಸೆಲ್ ಕಾರಿನ ವಾಲ್ವಿನಲ್ಲಿ ಮಸಿ ಇದ್ದೇ ಇರುತ್ತದೆ, ಆದರೆ ಈಗಿನ ದೂರು ಅದರದ್ದಲ್ಲ.

ಮೊದಲು ಕನೆಕ್ಟರ್ ಬಿಚ್ಚಿಸಿ, ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿದೆಯೇ, ವೈರಿನ ಹೊದಿಕೆ ಶಾಖಕ್ಕೆ ಕರಗಿ ವೈರು ಕಾರಿನ ಲೋಹದ ಮೈಗೆ ತಾಗಿದೆಯೇ ಎಂದು ನೋಡಿ. ಕಾರು ಬೇಸ್‌ಮೆಂಟಿನಲ್ಲಿ ನಿಲ್ಲುವುದಾದರೆ ಇಲಿ ಕಡಿದ ಗುರುತನ್ನೂ ಹುಡುಕಿ. ಬಾನೆಟ್ಟಿನಡಿಯ ಬೆಚ್ಚನೆಯ ಜಾಗ ಅವಕ್ಕೆ ಬಲು ಇಷ್ಟ.

ವೈರು ನೋಟಕ್ಕೆ ಸರಿಯಿದ್ದರೆ, ಎಂಜಿನ್ ಚಾಲೂ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ ಮಲ್ಟಿಮೀಟರಿನಿಂದ ಅಳೆಯಬೇಕು. ಸೆನ್ಸರಿಗೆ ಸಾಮಾನ್ಯವಾಗಿ ಮೂರು ವೈರುಗಳಿರುತ್ತವೆ: ಇಸಿಯುನಿಂದ ಬರುವ 5 ವೋಲ್ಟ್, ಅರ್ತ್ ಮತ್ತು ಸಿಗ್ನಲ್. ಬಿಚ್ಚಿದ ಕನೆಕ್ಟರಿಗೆ 5 ವೋಲ್ಟೇ ಬರುತ್ತಿಲ್ಲವಾದರೆ ಹೊಸ ವಾಲ್ವ್ ಹಾಕಿದರೂ ಅದೇ ಕೋಡ್ ಮರಳಿ ಬರುತ್ತದೆ. ಬರುತ್ತಿದ್ದು, ಅರ್ತ್ ಕೂಡ ಸರಿಯಿದ್ದು, ಸಿಗ್ನಲ್ ವೈರು ತುಂಡಾಗದೆ, ಎಲ್ಲಿಯೂ ಕಾರಿನ ಲೋಹದ ಮೈಗೆ ತಾಗದೆ ಇದ್ದರೆ, ಕನೆಕ್ಟರ್ ಮತ್ತೆ ಜೋಡಿಸಿ, ಸ್ಕ್ಯಾನರಿನಿಂದಲೇ ವಾಲ್ವನ್ನು ಮೆಲ್ಲಗೆ ತೆರೆಯಿಸಿ ಸಿಗ್ನಲ್ ಗಮನಿಸಿ. ಮುಚ್ಚಿದಾಗ ಅದು ಅನೇಕ ಕಾರುಗಳಲ್ಲಿ 1 ವೋಲ್ಟಿನ ಆಸುಪಾಸಿನಲ್ಲಿರುತ್ತದೆ (ನಿಖರ ಅಂಕಿ ನಿಮ್ಮ ಮಾದರಿಯ ವರ್ಕ್‌ಶಾಪ್ ಮ್ಯಾನುಯಲ್‌ನಲ್ಲಿರುತ್ತದೆ). ವಾಲ್ವ್ ಸರಿದಂತೆ ಎಲ್ಲಿಯೂ ಕುಪ್ಪಳಿಸದೆ ಬದಲಾಗಬೇಕು. ಸೊನ್ನೆಯ ಬಳಿಯೇ ನಿಂತರೆ ಸೆನ್ಸರ್ ಹಾಳಾಗಿದೆ. ಹಲವು ಮಾದರಿಗಳಲ್ಲಿ ಅದು ವಾಲ್ವಿನೊಂದಿಗೇ ಬರುವುದರಿಂದ ಆಗ ಗ್ಯಾರೇಜಿನವರ ಮಾತೇ ಸರಿ.

ವಾಹನ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಹೊಸ ವಾಲ್ವ್ ಕೊಳ್ಳುವುದಾದರೆ ಹಳೆಯದರ ಪಾರ್ಟ್ ನಂಬರ್ ತಾಳೆ ನೋಡಿಕೊಂಡು ತನ್ನಿ; ಜೋಡಿಸಿದ ಬಳಿಕ, ನಿಮ್ಮ ಮಾದರಿಗೆ ಅಗತ್ಯವಿದ್ದಲ್ಲಿ, ಸ್ಕ್ಯಾನರಿನಲ್ಲಿ ಅಡಾಪ್ಟೇಷನ್ (ಹೊಸ ವಾಲ್ವನ್ನು ಇಸಿಯುಗೆ ಪರಿಚಯಿಸುವ ಕೆಲಸ) ಮಾಡಿಸಿ.