ನಡೆಯುತ್ತಿರುವಾಗಲೇ ವರ್ಚುವಲ್‌ಬಾಕ್ಸ್ ಮುಚ್ಚಿಬಿಟ್ಟರೆ ಒಳಗಿನ ಕೆಲಸ ಹೋಗುತ್ತದೆಯೇ?

ವಿಜಯಪುರದ ನಿಮ್ಮ ಡಿಟಿಪಿ ಅಂಗಡಿಯಲ್ಲಿ ಉಬುಂಟು ಮೇಲೆ ವರ್ಚುವಲ್‌ಬಾಕ್ಸ್ (ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ನಡೆಸುವ ತಂತ್ರಾಂಶ) ಮೂಲಕ ವಿಂಡೋಸ್ ಹಾಕಿ, ಕನ್ನಡ ಟೈಪಿಂಗ್ ತಂತ್ರಾಂಶ 'ನುಡಿ' ಬಳಸುತ್ತೀರಿ, ಹುಡುಗರು ಕೈತಪ್ಪಿ ಮುಚ್ಚಿಬಿಡುತ್ತಾರೆ ಅಂದಿದ್ದೀರಿ. ಮಷೀನ್‌ಗಳ ಪಟ್ಟಿ ತೋರಿಸುವ ಮ್ಯಾನೇಜರ್ ಕಿಟಕಿಯನ್ನಷ್ಟೇ ಮುಚ್ಚಿದ್ದರೆ ಚಿಂತೆ ಬೇಡ್ರಿ. ವಿಂಡೋಸ್ ಬೇರೆಯೇ ಪ್ರೊಸೆಸ್, ಅದರ ಪಾಡಿಗೆ ಅದು ನಡೆದಿರುತ್ತದೆ.

ವಿಂಡೋಸ್ ಕಾಣುವ ಕಿಟಕಿಯನ್ನೇ ಮುಚ್ಚಲು ಹೋದರೆ ಏನು ಮಾಡಲಿ ಎಂದು ಕೇಳುತ್ತದೆ. 'ಸೇವ್ ದ ಮಷೀನ್ ಸ್ಟೇಟ್' ಆರಿಸಿ. ರ‍್ಯಾಮ್‌ನಲ್ಲಿದ್ದದ್ದೆಲ್ಲ ಡಿಸ್ಕಿಗೆ ಹೋಗುತ್ತದೆ. ಅರ್ಧ ಟೈಪಿಸಿದ ಅರ್ಜಿ ಕರ್ಸರ್ ಸಮೇತ ಮರಳಿ ಸಿಗುತ್ತದೆ. 'ಪವರ್ ಆಫ್' ಅಂದರೆ ಪ್ಲಗ್ ಕಿತ್ತಂತೆ, ಸೇವ್ ಮಾಡದ್ದು ಹೋಯಿತು. ಕಳೆದ ಸಲ ಆರಿಸಿದ್ದೇ ಮೊದಲು ಗುರುತಾಗಿರುತ್ತದೆ, ನೋಡದೆ ಎಂಟರ್ ಒತ್ತುವವರು ಕೆಡುವುದು ಅಲ್ಲೇ. ವರ್ಚುವಲ್‌ಬಾಕ್ಸ್ ಜೊತೆಗೇ ಬರುವ ಕಮಾಂಡ್ ಸಾಧನ ವಿಬಾಕ್ಸ್‌ಮ್ಯಾನೇಜ್‌ನ ಸೆಟ್‌ಎಕ್ಸ್‌ಟ್ರಾಡೇಟಾ ಕಮಾಂಡಿನಿಂದ 'ಪವರ್ ಆಫ್' ಆಯ್ಕೆಯನ್ನೇ ತೆಗೆದುಹಾಕಬಹುದು.