ರಹಮತ್ ಕುಸಿದು ಕೂತದ್ದು ಯಾಕೆ?

ಟಾಗೋರರ ‘ಕಾಬುಲಿವಾಲಾ’ (1892) ಕಥೆಯ ಕೊನೆಯಲ್ಲಿ, ಕಾಬೂಲಿನಿಂದ ಬಂದ ಬೀದಿ ವ್ಯಾಪಾರಿ ರಹಮತ್ ನಿಟ್ಟುಸಿರು ಬಿಟ್ಟು ನೆಲದ ಮೇಲೆ ಕೂರುತ್ತಾನಲ್ಲ, ಅವನ ಪುಟ್ಟ ಗೆಳತಿಯಾಗಿದ್ದ ಮಿನಿ ತನ್ನನ್ನು ಮರೆತಳು ಅನ್ನೋ ಬೇಸರಕ್ಕಾ ಅಂತ ಕೇಳಿದ್ದೀರಿ. ಅದೂ ಇರಬಹುದು, ಆದರೆ ಮುಖ್ಯ ಕಾರಣ ಅದಲ್ಲ. ಸ್ವಲ್ಪ ಹಿಂದಿನಿಂದ ಓದಿ ನೋಡಿ.

ಜಗಳದಲ್ಲಿ ಒಬ್ಬನಿಗೆ ಇರಿದು ವರ್ಷಗಟ್ಟಲೆ ಜೈಲಿನಲ್ಲಿದ್ದು ಬಂದವನ ತಲೆಯಲ್ಲಿ ಇರೋದು ಓಡಿ ಬರುವ ಪುಟ್ಟ ಮಿನಿ. ಅದಕ್ಕೇ ದ್ರಾಕ್ಷಿ, ಬಾದಾಮಿ ಹಿಡಿದು ಬಂದಿದ್ದಾನೆ. ಮಿನಿಯ ಅಪ್ಪ ದುಡ್ಡು ಕೊಡಲು ಹೋದರೆ ಬೇಡ ಅನ್ನುತ್ತಾನೆ. ವ್ಯಾಪಾರಕ್ಕೆ ಬಂದಿಲ್ಲ, ನನಗೂ ಊರಲ್ಲಿ ಇಂಥದ್ದೇ ಮಗಳಿದ್ದಾಳೆ ಅಂತ ಅಂಗಿಯೊಳಗಿಂದ ಒಂದು ಮಾಸಿದ ಕಾಗದ ತೆಗೆಯುತ್ತಾನೆ. ಅದರಲ್ಲಿ ಫೋಟೋ ಇಲ್ಲ, ಮಸಿಯಲ್ಲಿ ಒತ್ತಿದ ಪುಟ್ಟ ಕೈಯ ಗುರುತು ಅಷ್ಟೇ. ಆ ಕೈ ಅವನ ಪಾಲಿಗೆ ಬೆಳೆದೇ ಇಲ್ಲ, ಅಲ್ವಾ?

ಆಮೇಲೆ ಮಿನಿ ಮದುಮಗಳಾಗಿ ಬರುತ್ತಾಳೆ. ಅವನಿಗೆ ಮಾತೇ ಹೊರಡೋದಿಲ್ಲ. ಕೊನೆಗೆ ನಕ್ಕು, ‘ಅತ್ತೆ ಮನೆಗೆ ಹೋಗ್ತೀಯಾ?’ ಅಂತ, ಅವಳು ಚಿಕ್ಕವಳಿದ್ದಾಗ ಮಾಡುತ್ತಿದ್ದ ಹಳೇ ತಮಾಷೆಯನ್ನೇ ಕೇಳುತ್ತಾನೆ. ಅವಳು ನಾಚಿ ಮುಖ ತಿರುಗಿಸುತ್ತಾಳೆ. ಅವಳು ಹೋದ ಮೇಲೇ ಅವನು ಕೂರೋದು. ತನ್ನ ಮಗಳೂ ಇಷ್ಟೇ ದೊಡ್ಡವಳಾಗಿರಬೇಕು, ಅವಳಿಗೂ ತಾನು ಹೊಸಬನೇ ಅನ್ನೋದು ಆಗ ಹೊಳೆಯುತ್ತದೆ. ಎಂಟು ವರ್ಷ ಕಳೆದುಹೋದದ್ದು ಒಂದೇ ಏಟಿಗೆ ಎದುರು ಬಂದು ನಿಲ್ಲುತ್ತದೆ.

ಪರೀಕ್ಷೆಗೆ ಬರೆಯುವುದಾದರೆ ಸುಮ್ನೆ ‘ದುಃಖ’ ಅಂತ ಬರೆದು ಬಿಡಬೇಡಿ. ಬೆಚ್ಚಿದ್ದು, ಮುಜುಗರ, ಆಮೇಲೆ ಮಗಳ ಬಗ್ಗೆ ಆತಂಕ, ಈ ಕ್ರಮ ಹಿಡಿಯಿರಿ. ಮಿನಿಯ ಅಪ್ಪನನ್ನೂ ಬಿಡಬೇಡಿ. ಮೊದಲು ಇವನನ್ನು ಸಾಗಹಾಕಲು ನೋಡಿದವನೇ ಆಮೇಲೆ ಮದುವೆಯ ದೀಪ, ಬ್ಯಾಂಡಿನ ಖರ್ಚು ಕಡಿಮೆ ಮಾಡಿ ಊರಿಗೆ ಹೋಗಲು ಹಣ ಕೊಡುತ್ತಾನೆ. ನನಗೇನೋ ಅದು ಬರೀ ಕನಿಕರ ಅನ್ನಿಸುವುದಿಲ್ಲ. ಈ ಅಪ್ಪನ ಮಗಳೂ ಅವತ್ತೇ ಮನೆ ಬಿಟ್ಟು ಹೊರಟಿದ್ದಾಳಲ್ಲ.