ನಾಲ್ಕು ಗೋಲಿನ ಹುಡುಗನಿಗೆ ಎಂಟು ವರ್ಷದ ಒಪ್ಪಂದ

ಓದುಗರ ಪತ್ರ: ಮಾಂಟ್ರಿಯಲ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಐಸ್ ಹಾಕಿಯ ಪರಿಚಯವಾಯಿತು. ಅಲ್ಲಿನ ಕೆನೆಡಿಯನ್ಸ್ ತಂಡ 2022ರಲ್ಲಿ ಡ್ರಾಫ್ಟ್‌ನ ಮೊದಲ ಆಯ್ಕೆಯಾಗಿ ತಂದ ಯುರಾಯ್ ಸ್ಲಾಫ್ಕೋವ್‌ಸ್ಕಿ ಎಂಬ ಫಾರ್ವರ್ಡ್, ಮೊದಲ ವರ್ಷ ಹೊಡೆದದ್ದು ನಾಲ್ಕೇ ಗೋಲು. ಆಮೇಲೆ ಎಂಟು ವರ್ಷದ ಒಪ್ಪಂದ! ಡ್ರಾಫ್ಟ್ ಎಂದರೆ ಹರಾಜೇ? ಅಂಥ ಹುಡುಗನನ್ನು ಮೊದಲು ಕೆಳಗಿನ ಲೀಗ್‌ನಲ್ಲಿ ಪಳಗಿಸಬೇಕಿತ್ತಲ್ಲವೇ? ಅಷ್ಟು ದುಡ್ಡು ಯಾವ ಧೈರ್ಯದ ಮೇಲೆ ಕೊಟ್ಟರು?
– ನಿವೃತ್ತ ದೈಹಿಕ ಶಿಕ್ಷಕರೊಬ್ಬರು, ವಿರಾಜಪೇಟೆ

ಸಂಪಾದಕರ ಉತ್ತರ:

ಮೇಷ್ಟ್ರೇ, ಡ್ರಾಫ್ಟ್ ಹರಾಜಲ್ಲ. ನಮ್ಮ ಹಾಕಿ ಇಂಡಿಯಾ ಲೀಗ್‌ನ 2024ರ ಹರಾಜಿನಲ್ಲಿ ಹರ್ಮನ್‌ಪ್ರೀತ್ ಸಿಂಗ್ 78 ಲಕ್ಷ ರೂಪಾಯಿಗೆ ಸೂರ್ಮಾ ತಂಡದ ಪಾಲಾದರು. ಅಲ್ಲಿ ಹೆಚ್ಚು ಬೆಲೆ ಕೂಗಿದವನದು ಮೇಲುಗೈ. ಎನ್‌ಎಚ್‌ಎಲ್, ಅಂದರೆ ಕೆನೆಡಿಯನ್ಸ್ ಆಡುವ ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್‌ನ ಡ್ರಾಫ್ಟ್‌ನಲ್ಲಿ ಬೆಲೆ ಕೂಗುವ ಮಾತೇ ಇಲ್ಲ. ಮೂವತ್ತೆರಡು ತಂಡಗಳು ಸರದಿಯಂತೆ ಏಳು ಸುತ್ತು ಹೊಸ ಹುಡುಗರ ಹೆಸರು ಹೇಳುತ್ತವೆ, ಸೋತು ಕೆಳಗೆ ಬಿದ್ದ ತಂಡಗಳಿಗೆ ಮೇಲಿನ ಸರದಿ ಸಿಗುತ್ತದೆ. ತೀರಾ ಮೇಲಿನ ಸ್ಥಾನಗಳಿಗೆ ಮಾತ್ರ ಲಾಟರಿ ಎತ್ತುತ್ತಾರೆ. ಹದಿನೆಂಟರ ಹುಡುಗನ ಮೊದಲ ಒಪ್ಪಂದ ಮೂರು ವರ್ಷದ್ದು, ಸಂಬಳಕ್ಕೆ ಮಿತಿಯೂ ಇರುತ್ತದೆ. ಆದ್ದರಿಂದ ಆಯ್ಕೆಗಾರರು ಊಹಿಸಬೇಕಾದದ್ದು ಈ ಹುಡುಗ ಇಪ್ಪತ್ನಾಲ್ಕರ ಹೊತ್ತಿಗೆ ಏನಾಗಬಲ್ಲ ಎಂಬುದನ್ನು.

ಆ ಊಹೆ ಎಷ್ಟು ಕಷ್ಟದ್ದು ಎನ್ನುವುದಕ್ಕೆ 2022ಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಬಹುಕಾಲದಿಂದ ಎಲ್ಲರ ಬಾಯಲ್ಲಿದ್ದ ಹೆಸರು ಕೆನಡಾದ ಶೇನ್ ರೈಟ್. ಆ ವರ್ಷ ಡ್ರಾಫ್ಟ್ ನಡೆದದ್ದು ಮಾಂಟ್ರಿಯಲ್‌ನಲ್ಲೇ, ಮೊದಲ ಸರದಿಯೂ ಊರ ತಂಡದ್ದೇ. ಅವರು ಕರೆದದ್ದು ಸ್ಲೊವಾಕಿಯಾದ ಕೋಶಿತ್ಸೆಯ ಹುಡುಗನನ್ನು. ಹದಿನೈದರಲ್ಲೇ ಫಿನ್ಲೆಂಡಿನ ಟುರ್ಕು ನಗರಕ್ಕೆ ಆಡಲು ಹೋಗಿದ್ದವನು ಇವನು. ಅಲ್ಲಿನ ಹಿರಿಯರ ಲೀಗ್‌ನಲ್ಲಿ 31 ಪಂದ್ಯಗಳಲ್ಲಿ ಐದು ಗೋಲು ಹೊಡೆದಿದ್ದ. ಈ ಅಂಕಿ ಯಾರನ್ನೂ ಬೆರಗುಗೊಳಿಸುವಂಥದ್ದಲ್ಲ. ಆದರೆ ಅದೇ ವರ್ಷ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ, ಹದಿನೇಳರ ವಯಸ್ಸಿನಲ್ಲಿ, ಏಳು ಪಂದ್ಯಗಳಿಂದ ಏಳು ಗೋಲು! ಸ್ಲೊವಾಕಿಯಾಕ್ಕೆ ಐಸ್ ಹಾಕಿಯ ಮೊದಲ ಒಲಿಂಪಿಕ್ ಪದಕವಾಗಿ ಕಂಚು ಬಂತು, ಕೂಟದ ಶ್ರೇಷ್ಠ ಆಟಗಾರನ ಪಟ್ಟ ಇವನದಾಯಿತು.

ಎನ್‌ಎಚ್‌ಎಲ್ ಆಟಗಾರರು ಆ ಒಲಿಂಪಿಕ್ಸ್‌ಗೆ ಬಂದಿರಲಿಲ್ಲ ಎಂದು ನೀವು ತಕರಾರು ತೆಗೆಯಬಹುದು. ತಕರಾರು ನ್ಯಾಯವೇ. ಆದರೂ ಒಂದು ಸಂಗತಿ ಗಮನಿಸಿ. ಯುರೋಪಿನಲ್ಲಿ ರೂಢಿಯಲ್ಲಿದ್ದ ಅಂಕಣದ ಅಗಲ ಮೂವತ್ತು ಮೀಟರ್‌ವರೆಗೂ ಹೋಗುತ್ತದೆ. ಎನ್‌ಎಚ್‌ಎಲ್ ಅಂಕಣ ಸುಮಾರು 26 ಮೀಟರ್. ಬೀಜಿಂಗ್‌ನಲ್ಲಿ ಆಡಿಸಿದ್ದು ಈ ಕಿರಿದಾದ ಅಂಕಣದಲ್ಲಿ. ಇಕ್ಕಟ್ಟಿನಲ್ಲೂ ಗೋಲಿನ ದಾರಿ ಕಂಡುಕೊಳ್ಳುತ್ತಾನೆ ಎಂಬುದಕ್ಕೆ ಅಲ್ಲಿ ಸಾಕ್ಷಿ ಸಿಕ್ಕಿತು ಎಂದೇ ನನ್ನ ಅಭಿಪ್ರಾಯ.

ಇನ್ನು ನಿಮ್ಮ ನಾಲ್ಕು ಗೋಲಿನ ವರ್ಷ. ಟರ್ಫ್ ಮೇಲೆ ಫಾರ್ವರ್ಡ್‌ಗೆ ಪಕ್ಕದ ಗೆರೆ ಅಂಚು. ಚೆಂಡು ದಾಟಿದರೆ ಆಟ ನಿಲ್ಲುತ್ತದೆ. ಐಸ್ ಮೇಲೆ ಅಂಚಿಗೆ ಹಲಗೆ ಕಟ್ಟಿರುತ್ತಾರೆ. ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ, ಅಂದರೆ ಪಕ್, ಅದಕ್ಕೆ ಬಡಿದು ಮರಳಿ ಬರುತ್ತದೆ, ಹಿಂದೆಯೇ ನೂರು ಕಿಲೋ ತೂಕದ ಡಿಫೆಂಡರ್ ಬಂದು ಹಲಗೆಗೆ ಒತ್ತುತ್ತಾನೆ. ಆ ಕ್ಷಣದಲ್ಲಿ ಫಾರ್ವರ್ಡ್ ಆದವನು ಸೊಂಟ ಕೊಟ್ಟು ಎದುರಾಳಿಯನ್ನು ತಡೆದು, ಪಕ್ಕನ್ನು ಸ್ಕೇಟ್‌ಗಳ ನಡುವೆ ಕಾಪಾಡಿ, ತಲೆ ಎತ್ತಿ ಜೊತೆಗಾರ ಎಲ್ಲಿದ್ದಾನೆ ಎಂದು ನೋಡಬೇಕು. ಇದಕ್ಕೆಲ್ಲ ಸಿಗುವುದು ಒಂದೆರಡು ಸೆಕೆಂಡು. ಆರಡಿ ಮೂರಂಗುಲದ ಸ್ಲಾಫ್ಕೋವ್‌ಸ್ಕಿಗೆ ದೇಹವಿತ್ತು, ತಲೆ ಎತ್ತುವ ಅಭ್ಯಾಸ ಇರಲಿಲ್ಲ. ಪಕ್ ನೋಡುತ್ತಲೇ ಮುಂದೆ ನುಗ್ಗಿ ಡಿಕ್ಕಿ ತಿನ್ನುತ್ತಿದ್ದ. ಜನವರಿಯಲ್ಲಿ ಮೊಣಕಾಲಿಗೆ ಪೆಟ್ಟಾಗಿ ಋತು ಅಲ್ಲಿಗೇ ಮುಗಿಯಿತು: 39 ಪಂದ್ಯ, ನಾಲ್ಕು ಗೋಲು, ಆರು ಅಸಿಸ್ಟ್ (ಜೊತೆಗಾರನ ಗೋಲಿಗೆ ನೆರವಾದ ಪಾಸ್).

ಕೆಳಗಿನ ಲೀಗ್‌ಗೆ ಕಳಿಸಬೇಕಿತ್ತು ಎಂದು ಮಾಂಟ್ರಿಯಲ್‌ನಲ್ಲೂ ಬಹಳ ಜನ ವಾದಿಸಿದರು. ಯುರೋಪಿನಿಂದ ಬಂದವನಾದ್ದರಿಂದ ಪಕ್ಕದ ಲಾವಾಲ್‌ನಲ್ಲಿರುವ ಎರಡನೇ ದರ್ಜೆಯ ತಂಡಕ್ಕೆ ಕಳಿಸಲು ನಿಯಮದ ಅಡ್ಡಿಯೂ ಇರಲಿಲ್ಲ. ಕೆನಡಾದ ಜೂನಿಯರ್ ಲೀಗ್‌ನ ಹುಡುಗರಿಗೆ ಆಗ ಆ ಬಾಗಿಲು ಸಾಮಾನ್ಯವಾಗಿ ಮುಚ್ಚಿತ್ತು. ನಾನು ನಿಮ್ಮ ಮಾತನ್ನು ಒಪ್ಪುವುದಿಲ್ಲ. ಲಾವಾಲ್‌ನಲ್ಲಿ ಅವನು ಗೋಲು ಹೊಡೆಯುತ್ತಿದ್ದ, ಹುರುಪೂ ಬರುತ್ತಿತ್ತು, ನಿಜ. ಆದರೆ ಅವನು ಕಲಿಯಬೇಕಾಗಿದ್ದದ್ದು ಗೋಲು ಹೊಡೆಯುವುದನ್ನಲ್ಲ. ಅತಿ ವೇಗದ ಆಟದಲ್ಲಿ ಬೇಗ ನಿರ್ಧರಿಸುವುದನ್ನು. ಅದು ಆ ವೇಗದ ನಡುವೆಯೇ ಬರಬೇಕು.

ಹೀಗೆ ಕಾಯುವ ತಾಳ್ಮೆ ಆ ತಂಡಕ್ಕೆ ಇದ್ದದ್ದಕ್ಕೆ ಕೋಚ್ ಕೂಡ ಕಾರಣ ಎಂದು ನಂಬಿದ್ದೇನೆ. ಮಾರ್ಟಿನ್ ಸೇಂಟ್ ಲೂಯಿಯನ್ನು ಡ್ರಾಫ್ಟ್‌ನಲ್ಲಿ ಯಾರೂ ಆಯ್ಕೆ ಮಾಡಿರಲೇ ಇಲ್ಲ. ಐದಡಿ ಎಂಟಂಗುಲದ ಆ ಮನುಷ್ಯ 2004ರಲ್ಲಿ ಟ್ಯಾಂಪಾ ಬೇ ತಂಡದೊಂದಿಗೆ ಲೀಗ್‌ನ ಚಾಂಪಿಯನ್ ಪಟ್ಟವಾದ ಸ್ಟ್ಯಾನ್ಲಿ ಕಪ್ ಗೆದ್ದರು, ಅದೇ ಋತುವಿನಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರ ಎನಿಸಿಕೊಂಡರು. ಎರಡನೇ ವರ್ಷದ ಮೊದಲ ತಿಂಗಳುಗಳಲ್ಲೂ ಹುಡುಗನ ಗೋಲು ಸೊನ್ನೆಯ ಆಸುಪಾಸಿನಲ್ಲೇ ತೆವಳುತ್ತಿದ್ದಾಗ ಕೋಚ್ ಅವನನ್ನು ಮೂಲೆಗೆ ಸರಿಸಲಿಲ್ಲ. ನಾಯಕ ನಿಕ್ ಸುಝುಕಿ ಮತ್ತು ಗೋಲುಗಾರ ಕೋಲ್ ಕಾಫೀಲ್ಡ್ ಇರುವ ಮೊದಲ ಸಾಲಿಗೇ, ಅಂದರೆ ತಂಡದ ಮುಖ್ಯ ಮೂವರು ಫಾರ್ವರ್ಡ್‌ಗಳ ಗುಂಪಿಗೇ ಹಾಕಿದರು. ಅಲ್ಲಿ ಅವನಿಗೆ ಕೆಲಸ ಸ್ಪಷ್ಟವಾಗಿತ್ತು: ಹಲಗೆಯಂಚಿನಿಂದ ಪಕ್ ಕಿತ್ತು ತರುವುದು, ಗೋಲಿನ ಮುಂದೆ ನಿಲ್ಲುವುದು. ಸಣ್ಣ ಮೈಕಟ್ಟಿನ ಕಾಫೀಲ್ಡ್‌ಗೆ ಇವನ ದೇಹ ಜಾಗ ಮಾಡಿಕೊಟ್ಟಿತು, ಸುಝುಕಿಯ ಪಾಸ್ ಇವನ ಕೋಲಿಗೆ ಬರತೊಡಗಿತು. 82 ಪಂದ್ಯಗಳಲ್ಲಿ 20 ಗೋಲು, 30 ಅಸಿಸ್ಟ್. 2024ರ ಏಪ್ರಿಲ್‌ನಲ್ಲಿ ಫಿಲಡೆಲ್ಫಿಯಾ ವಿರುದ್ಧ ಹ್ಯಾಟ್ರಿಕ್.

ಹಾಗೆಂದು ಇದೊಂದೇ ದಾರಿ ಎನ್ನಲಾರೆ. ಅದೇ ಡ್ರಾಫ್ಟ್‌ನಲ್ಲಿ ಮೂರನೆಯವನಾಗಿ ಹೋದ ಲೋಗನ್ ಕೂಲಿ ಒಂದು ವರ್ಷ ಮಿನೆಸೋಟ ವಿಶ್ವವಿದ್ಯಾಲಯಕ್ಕೆ ಆಡಿ ಬಂದ. ಬಂದ ವರ್ಷವೇ 20 ಗೋಲು. ನಾಲ್ಕನೆಯವನಾದ ರೈಟ್ ಎನ್‌ಎಚ್‌ಎಲ್‌ಗೂ ಕೆಳಗಿನ ಲೀಗ್‌ಗೂ ಓಡಾಡಿ, 2024-25ರಲ್ಲಿ ಸಿಯಾಟಲ್‌ಗೆ 19 ಗೋಲು ಹೊಡೆದ. ಮೂವರೂ ಮೂರು ಬಾಗಿಲಿನಿಂದ ಒಳಗೆ ಬಂದವರು. ಕಾಲೇಜಿನ ಹುಡುಗನಿಗೆ ಪಂದ್ಯ ಕಡಿಮೆ, ಮೈ ಕಟ್ಟಿಕೊಳ್ಳಲು ಸಮಯ ಹೆಚ್ಚು. ಕೂಲಿಯಂಥ ಚಿಕ್ಕ ಮೈಯ ಆಟಗಾರನಿಗೆ ಅದು ಬೇಕಿತ್ತು. ಸ್ಲಾಫ್ಕೋವ್‌ಸ್ಕಿಗೆ ಬೇಕಿರಲಿಲ್ಲ.

ಇನ್ನು ದುಡ್ಡು. 2024ರ ಜುಲೈ 1ರಂದು, ಮೊದಲ ಒಪ್ಪಂದದಲ್ಲಿ ಇನ್ನೂ ಒಂದು ವರ್ಷ ಬಾಕಿ ಇರುವಾಗಲೇ, ಎಂಟು ವರ್ಷಕ್ಕೆ 6 ಕೋಟಿ 8 ಲಕ್ಷ ಡಾಲರ್ ಬರೆದುಕೊಟ್ಟರು. ವರ್ಷಕ್ಕೆ 76 ಲಕ್ಷ. ಲೀಗ್‌ನಲ್ಲಿ ಪ್ರತಿ ತಂಡದ ಒಟ್ಟು ಸಂಬಳಕ್ಕೆ ಮಿತಿ ಇದೆ. ಹುಡುಗ ಪೂರ್ತಿ ಅರಳಿದ ಮೇಲೆ ಕೇಳಹೋದರೆ ಬೆಲೆ ಏರಿರುತ್ತದೆ, ಉಳಿದವರ ಪಾಲು ಕುಗ್ಗುತ್ತದೆ. ಮೂರನೇ ವರ್ಷ ಅವನ ಒಟ್ಟು ಅಂಕ (ಗೋಲು ಮತ್ತು ಅಸಿಸ್ಟ್ ಸೇರಿ) 51, ಹಿಂದಿನ ವರ್ಷಕ್ಕಿಂತ ಒಂದೇ ಹೆಚ್ಚು. ಬೆಳವಣಿಗೆ ನಿಂತಿತು ಎಂದು ಗೊಣಗಿದವರಿದ್ದಾರೆ. ಇಪ್ಪತ್ತೊಂದು ತುಂಬುತ್ತಿದ್ದ ಹುಡುಗನ ಬಗ್ಗೆ ಆ ತೀರ್ಪು ನನಗೆ ಅವಸರದ್ದೆನಿಸುತ್ತದೆ. ಹೊಸ ಒಪ್ಪಂದ ಜಾರಿಗೆ ಬಂದದ್ದು 2025-26ರಿಂದ. ಅದು ಮುಗಿಯುವಾಗ ಅವನಿಗೆ ಇಪ್ಪತ್ತೊಂಬತ್ತು. ಫಾರ್ವರ್ಡ್ ಒಬ್ಬನ ಅತ್ಯುತ್ತಮ ವರ್ಷಗಳೆಲ್ಲ ಅದರೊಳಗೇ ಬರುತ್ತವೆ, ಮಾಂಟ್ರಿಯಲ್‌ನವರು ಕೊಂಡದ್ದು ಆ ವರ್ಷಗಳನ್ನು.

– ಸಂಪಾದಕ